ಲ್ಯಾಪ್‌ಟಾಪ್ ಚಾಲೂ ಆಗವಲ್ದು: ಮಿರಜದ ಬಸ್ ಹತ್ತುವ ಮೊದಲು

ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಹಾಗಾಗಿ ಲ್ಯಾಪ್‌ಟಾಪ್ ಕೆಟ್ಟರೆ ಅಥಣಿ, ಕಾಗವಾಡದವರು ಮಿರಜ, ಸಾಂಗಲಿಯ ದಾರಿ ಹಿಡಿಯುತ್ತಾರೆ. ನಿಪ್ಪಾಣಿಯವರು ಹೆದ್ದಾರಿ ಹತ್ತಿ ಕೊಲ್ಹಾಪುರಕ್ಕೆ ಹೋಗುತ್ತಾರೆ. ಚಿಕ್ಕೋಡಿ, ರಾಯಬಾಗದವರು ಎತ್ತ ಹೊರಟರೂ ಒಂದು ದಿನ ಹೋದಂತೆಯೇ. ಅಷ್ಟು ದೂರ ಹೊತ್ತುಕೊಂಡು ಹೋದ ಮೇಲೆ ಅಂಗಡಿಯ ಹುಡುಗ ತನ್ನ ಚಾರ್ಜರ್ ಚುಚ್ಚುತ್ತಾನೆ, ಲ್ಯಾಪ್‌ಟಾಪ್ ತಟ್ಟನೆ ಏಳುತ್ತದೆ. ಕೆಟ್ಟಿದ್ದು ಮನೆಯಲ್ಲಿ ಬಿಟ್ಟುಬಂದ ಎಕ್ಸ್‌ಟೆನ್ಷನ್ ಬೋರ್ಡು!

ಇಂಥ ಓಡಾಟ ತಪ್ಪಬೇಕೆಂಬುದೇ ಈ ಬರಹದ ಉದ್ದೇಶ. ಕಾಲೇಜಿನ ಹುಡುಗರ ಪ್ರಾಜೆಕ್ಟು, ಶಾಲೆಯ ಮಾಸ್ತರರ ಅಂಕಪಟ್ಟಿ, ಸಹಕಾರಿ ಸಂಘದ ಲೆಕ್ಕ, ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯ ದುಡಿಮೆ ಎಲ್ಲವೂ ಈಗ ಆ ಒಂದು ಪೆಟ್ಟಿಗೆಯೊಳಗೆ ಕುಳಿತಿದೆ. ನನ್ನ ಮಾತು ಇಷ್ಟೇ: ಮೊದಲು ಗೋಡೆಯ ಸಾಕೆಟ್ಟು ನೋಡಿ, ಆಮೇಲೆ ಯಂತ್ರ. ಮತ್ತು ಅದಕ್ಕೆ ಯಾರೇ ಕೈ ಹಚ್ಚಲಿ, ಮೊದಲು ಫೈಲು ಉಳಿಸಲಿ, ಆಮೇಲೆ ರಿಪೇರಿ.

ಟಿಸಿಯಿಂದ ಚಾರ್ಜರ್‌ವರೆಗೆ

ಕರೆಂಟಿನಿಂದ ಶುರು ಮಾಡಲು ಕಾರಣವಿದೆ. ನಮ್ಮಲ್ಲಿ ಅರ್ಧ ಊರು ಊರೊಳಗಿಲ್ಲ, ತೋಟದ ವಸತಿಗಳಲ್ಲಿದೆ. ಅಲ್ಲಿ ಪಂಪ್‌ಸೆಟ್ಟಿನ ಲೈನೇ ಮನೆಯ ಲೈನು. ತ್ರೀ ಫೇಸ್ ಬಂದೊಡನೆ ಒಂದು ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲಿನ ಮೋಟರುಗಳೆಲ್ಲ ಒಮ್ಮೆಲೇ ಚಾಲೂ ಆಗುತ್ತವೆ, ಬಲ್ಬು ಮಂಕಾಗುತ್ತದೆ. ಈ ಕಡಿಮೆ ವೋಲ್ಟೇಜ್‌ಗೆ ಲ್ಯಾಪ್‌ಟಾಪ್ ಚಾರ್ಜರ್ ಅಷ್ಟಾಗಿ ಹೆದರುವುದಿಲ್ಲ. ಅದರ ಹೊಟ್ಟೆಯ ಮೇಲೆ ಬರೆದಿರುವುದನ್ನು ಓದಿ: ಒಳಬರುವ ವಿದ್ಯುತ್ 100ರಿಂದ 240 ವೋಲ್ಟ್ ಎಂದಿರುತ್ತದೆ. 160ಕ್ಕೆ ಇಳಿದರೂ ಅದು ತನ್ನ ಕೆಲಸ ಮಾಡುತ್ತದೆ.

ಅದನ್ನು ಕೊಲ್ಲುವುದು ಹೆಚ್ಚಿನ ವೋಲ್ಟೇಜ್. ಟಿಸಿಯಲ್ಲೋ ಕಂಬದ ಮೇಲೋ ನ್ಯೂಟ್ರಲ್ ತಂತಿ ಕಡಿದರೆ, 230 ವೋಲ್ಟ್ ಬರಬೇಕಾದ ಮನೆಗೆ ಅದು 300 ದಾಟಿ 400ರ ಸಮೀಪವೂ ಹೋಗಬಹುದು. ಯಾಕೆಂದರೆ ಎರಡು ಫೇಸ್‌ಗಳ ನಡುವಿನ ಒತ್ತಡ 400 ವೋಲ್ಟಿನ ಆಸುಪಾಸು. ಕೆಲವು ಬಲ್ಬು ಕಣ್ಣು ಕೋರೈಸುವಂತೆ ಉರಿದು, ಪಕ್ಕದ ಮನೆಯಲ್ಲಿ ಮಿಣಿಮಿಣಿ ಎಂದರೆ ನ್ಯೂಟ್ರಲ್ ಹೋಗಿದೆಯೆಂದೇ ತಿಳಿಯಿರಿ. ಆ ಕ್ಷಣ ಮೇನ್ ಸ್ವಿಚ್ ಇಳಿಸಿ, ಹೆಸ್ಕಾಂ ಲೈನ್‌ಮನ್‌ಗೆ ಫೋನ್ ಮಾಡಿ. ಒಂದೇ ಸಂಜೆ ಓಣಿಯ ಟಿವಿ, ಫ್ರಿಜ್, ಚಾರ್ಜರ್‌ಗಳು ಸಾಲಾಗಿ ಸುಟ್ಟುಹೋಗುವುದು ಹೆಚ್ಚಾಗಿ ಹೀಗೆ. ಮೇ ತಿಂಗಳ ಗುಡುಗಿನ ಮಳೆಯೂ ಅಷ್ಟೇ ಕೆಡುಕಿನದು. ಸಿಡಿಲಿನ ಹೊತ್ತಿನಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಂಟರ್ನೆಟ್ಟಿನ ತಾಮ್ರದ ತಂತಿ ಲ್ಯಾಪ್‌ಟಾಪಿಗೆ ಚುಚ್ಚಿದ್ದರೆ ಅದನ್ನೂ ಕೀಳಬೇಕು.

ಈಗ ಪರೀಕ್ಷೆ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಕ್ಸ್‌ಟೆನ್ಷನ್ ಬೋರ್ಡನ್ನು ಬದಿಗಿಟ್ಟು ಗೋಡೆಗೇ ನೇರ ಚುಚ್ಚಿ. ಗೋಡೆಯಿಂದ ಚಾರ್ಜರಿನ ಇಟ್ಟಿಗೆಯಂಥ ಡಬ್ಬಿಗೆ ಬರುವ ದಪ್ಪ ವೈರು ಎರಡೂ ತುದಿಯಲ್ಲಿ ಬಿಗಿಯಾಗಿದೆಯೇ ಎಂದು ಒತ್ತಿ ನೋಡಿ. ಎಷ್ಟೋ ಸಲ ಆ ಇಟ್ಟಿಗೆಯ ಬಾಯಲ್ಲೇ ಅದು ಅರ್ಧ ಹೊರಬಂದಿರುತ್ತದೆ. ಚಾರ್ಜರ್ ಮೇಲೆ ಪುಟ್ಟ ದೀಪವಿದ್ದರೆ ಅದು ಉರಿಯುತ್ತಿದೆಯೇ? ಲ್ಯಾಪ್‌ಟಾಪಿಗೆ ಚುಚ್ಚಿದೊಡನೆ ಆರಿಹೋಗುತ್ತದೆಯೇ? ಚುಚ್ಚಿದಾಗ ಆರಿದರೆ ಲ್ಯಾಪ್‌ಟಾಪಿನೊಳಗೆ ಎಲ್ಲೋ ಶಾರ್ಟ್ ಆಗಿರಬಹುದು. ಇನ್ನು ಮನೆಯಲ್ಲಿ ಮಾಡುವುದೇನೂ ಇಲ್ಲ, ಚಾರ್ಜರ್ ಕಿತ್ತು ತಜ್ಞರ ಬಳಿ ಒಯ್ಯಿರಿ.

ಮಲ್ಟಿಮೀಟರ್ ಇಲ್ಲದ ಎಲೆಕ್ಟ್ರಿಷಿಯನ್ ಊರಲ್ಲಿ ಸಿಗಲಾರ. ಅವನಿಂದ ಚಾರ್ಜರಿನ ತುದಿ ಅಳೆಸಿ. ಗುಂಡು ಪಿನ್ನಿನ ಚಾರ್ಜರಾದರೆ ಒಳಗೋಡೆಗೆ ಕೆಂಪು ಕಡ್ಡಿ, ಹೊರಗೋಡೆಗೆ ಕಪ್ಪು ಕಡ್ಡಿ ಮುಟ್ಟಿಸಿದಾಗ ಇಟ್ಟಿಗೆಯ ಮೇಲೆ ಬರೆದಷ್ಟೇ, ಅಂದರೆ ಸಾಮಾನ್ಯವಾಗಿ 19ರಿಂದ 20 ವೋಲ್ಟ್ ತೋರಿಸಬೇಕು. ಡೆಲ್, ಎಚ್‌ಪಿ ಚಾರ್ಜರ್‌ಗಳಲ್ಲಿ ನಡುವೆ ಸೂಜಿಯಂಥ ಇನ್ನೊಂದು ಪಿನ್ ಇರುತ್ತದೆ. ಅದು ವಿದ್ಯುತ್ತಿನದಲ್ಲ, ‘ನಾನು ಇಷ್ಟು ವ್ಯಾಟಿನ ಅಸಲಿ ಚಾರ್ಜರ್’ ಎಂದು ಲ್ಯಾಪ್‌ಟಾಪಿಗೆ ಗುರುತು ಹೇಳುವುದು. ಅದು ಬಾಗಿದರೆ ಅಥವಾ ಸಂತೆಯಲ್ಲಿ ಸಿಕ್ಕ ಅಗ್ಗದ ಚಾರ್ಜರಿನಲ್ಲಿ ಅದರ ವ್ಯವಸ್ಥೆ ಸರಿಯಿಲ್ಲದಿದ್ದರೆ ಲ್ಯಾಪ್‌ಟಾಪ್ ನಡೆಯಬಹುದು, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಒಂದು ದಿನ ಬ್ಯಾಟರಿ ಪೂರ್ತಿ ಬರಿದಾಗಿ, ಕರೆಂಟ್ ಹೋದ ಕೂಡಲೇ ಎಲ್ಲವೂ ಕತ್ತಲು. ಸಿ ಮಾದರಿಯ ಪಿನ್ನಿನ ಹೊಸ ಚಾರ್ಜರನ್ನು ಹೀಗೆ ಅಳೆಯಲು ಬರುವುದಿಲ್ಲ. ಲ್ಯಾಪ್‌ಟಾಪ್ ಕೇಳಿದ ಮೇಲಷ್ಟೇ ಅದು 20 ವೋಲ್ಟ್ ಕೊಡುತ್ತದೆ. ಪಿನ್ ಒಂದೇ ಎಂದು ಫೋನಿನ ಚಾರ್ಜರ್ ಹಾಕಿ, ಏಳಲಿಲ್ಲವೆಂದು ಗಾಬರಿಯಾಗಬೇಡಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳು 45 ಅಥವಾ 65 ವ್ಯಾಟ್ ಬೇಡುತ್ತವೆ.

ಕರೆಂಟಿನ ಮಾತು ಮುಗಿಸುವ ಮುನ್ನ ಇನ್ನೊಂದು. ಚಾರ್ಜ್ ಆಗುತ್ತಿರುವಾಗ ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಬೇಸಿಗೆಯಲ್ಲಿ ಎರೆಭೂಮಿ ಒಣಗಿ ಬಿರಿದಾಗ ಮನೆಯ ಅರ್ಥಿಂಗ್ ಸಡಿಲಾಗುವುದು ಇದಕ್ಕೆ ಸಾಮಾನ್ಯ ಕಾರಣ. ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಗುಂಡಿ ಪರೀಕ್ಷೆ ಮಾಡಿಸಿ, ಮೂರು ಪಿನ್ನಿನ ಸಾಕೆಟ್ಟನ್ನೇ ಬಳಸಿ. ಮೂರನೆಯ ಪಿನ್ ಮುರಿದು ಎರಡರ ಬೋರ್ಡಿಗೆ ತುರುಕುವ ರೂಢಿ ನಮ್ಮಲ್ಲಿ ಬಹಳವಿದೆ. ಅದನ್ನು ಬಿಡಬೇಕು.

ಬಟನ್ ಒತ್ತಿ ಹಿಡಿಯುವ ಮದ್ದು

ಚಾರ್ಜರ್ ಸರಿಯಿದ್ದೂ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ ಎಂದಾದರೆ ಮುಂದಿನ ಹೆಜ್ಜೆಗೆ ಕಾಸೂ ಬೇಡ, ಸ್ಕ್ರೂಡ್ರೈವರೂ ಬೇಡ. ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲವನ್ನೂ ಕೀಳಿ. ಬ್ಯಾಟರಿ ಹಿಂಬದಿಯಿಂದ ಬಿಚ್ಚುವಂಥದ್ದಾದರೆ ಬಿಚ್ಚಿಡಿ. ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿದು ಬಿಡಿ. ಬ್ಯಾಟರಿ ಹೊರಗೇ ಇರಲಿ, ಚಾರ್ಜರ್ ಒಂದನ್ನೇ ಚುಚ್ಚಿ ಬಟನ್ ಒತ್ತಿ. ಮದರ್‌ಬೋರ್ಡಿನಲ್ಲಿ ಉಳಿದ ವಿದ್ಯುತ್ ಬರಿದಾಗಿ, ಪವರ್ ನಿಯಂತ್ರಿಸುವ ಚಿಪ್ ಹೊಸದಾಗಿ ಎಚ್ಚರಗೊಳ್ಳುತ್ತದೆ. ಕರೆಂಟ್ ಹೋಗಿ ಬಂದು ಮಾಡುವ ಊರುಗಳಲ್ಲಿ ಈ ಚಿಪ್ ದಿಕ್ಕುತಪ್ಪಿ ನಿಲ್ಲುವುದುಂಟು, ಹಾಗಾಗಿ ಈ ಮದ್ದು ಇಲ್ಲಿ ಬಹಳ ಸಲ ಫಲಿಸುತ್ತದೆ. ಬ್ಯಾಟರಿ ಒಳಗೇ ಕೂತಿರುವ ಲ್ಯಾಪ್‌ಟಾಪಿಗೂ ಬಟನ್ ಒತ್ತಿ ಹಿಡಿಯುವ ಕ್ರಮ ಇದೇ. ಕೆಲವು ಲೆನೊವೊ, ಏಸರ್ ಮಾದರಿಗಳ ತಳದಲ್ಲಿ ಸೂಜಿಯಷ್ಟು ಸಣ್ಣ ರಿಸೆಟ್ ತೂತು ಇರುತ್ತದೆ. ಚಾರ್ಜರ್ ಕಿತ್ತು, ಸಿಮ್ ತೆಗೆಯುವ ಪಿನ್ನಿನಿಂದ ಅದನ್ನು ಕೆಲ ಸೆಕೆಂಡು ಮೆಲ್ಲಗೆ ಒತ್ತಿ.

ಬ್ಯಾಟರಿ ಉಬ್ಬಿದ್ದರೆ ಮಾತ್ರ ಇದಾವುದನ್ನೂ ಮಾಡಬೇಡಿ. ಟಚ್‌ಪ್ಯಾಡ್ ಮೇಲೆದ್ದಿದೆ, ತಳದ ಮುಚ್ಚಳ ಬಾಯಿ ಬಿಟ್ಟಿದೆ, ಮೇಜಿನ ಮೇಲೆ ಇಟ್ಟರೆ ಅಲುಗಾಡುತ್ತದೆ ಎಂದರೆ ಬ್ಯಾಟರಿ ಉಬ್ಬಿದೆ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ದೀಪ ಉಂಟು, ಚಿತ್ರವಿಲ್ಲ

ದೀಪ ಹೊತ್ತಿ, ಫ್ಯಾನ್ ತಿರುಗಿ, ಪರದೆ ಮಾತ್ರ ಕಪ್ಪಾಗಿದ್ದರೆ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ಪುಟ್ಟ ದೀಪ ಹತ್ತಿ ಆರಿದರೆ ಯಂತ್ರ ಬದುಕಿದೆ, ತೊಂದರೆ ಪರದೆಯದ್ದು. ಕೋಣೆ ಕತ್ತಲು ಮಾಡಿ ಪರದೆಯ ಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಡಿ. ಮಸುಕಾಗಿ ಅಕ್ಷರ ಕಂಡರೆ ಪರದೆಯ ಹಿಂದಿನ ಬೆಳಕು ಹೋಗಿದೆ. ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ. ಚಿತ್ರ ಅಲ್ಲಿ ಬಂದರೆ ಫೈಲುಗಳನ್ನು ಅಂದೇ ಪೆನ್‌ಡ್ರೈವಿಗೆ ಇಳಿಸಿಕೊಂಡು ಆಮೇಲೆ ರಿಪೇರಿಯ ಮಾತಾಡಬಹುದು. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಒಮ್ಮೊಮ್ಮೆ ಅಷ್ಟರಲ್ಲೇ ಪರದೆ ಬೆಳಗುತ್ತದೆ.

ಕ್ಯಾಪ್ಸ್ ಲಾಕೂ ಸ್ಪಂದಿಸದೆ, ಯಂತ್ರ ಬೀಪ್ ಬೀಪ್ ಎಂದರೆ ಅಥವಾ ದೀಪ ಲೆಕ್ಕವಿಟ್ಟು ಮಿಣುಕಿದರೆ ಆ ಲೆಕ್ಕವೇ ರೋಗದ ಹೆಸರು. ಎಷ್ಟು ಕಿತ್ತಳೆ, ಎಷ್ಟು ಬಿಳಿ ಎಂದು ಮೊಬೈಲಿನಲ್ಲಿ ವಿಡಿಯೊ ತೆಗೆದಿಟ್ಟುಕೊಂಡು ಕಂಪನಿಯ ವೆಬ್‌ಸೈಟಿನಲ್ಲಿ ಅರ್ಥ ನೋಡಿ. ಹಲವು ಡೆಲ್ ಮಾದರಿಗಳಲ್ಲಿ ಎರಡು ಕಿತ್ತಳೆ, ಮೂರು ಬಿಳಿ ಎಂದರೆ ರ‍್ಯಾಮ್ ಸಿಕ್ಕಿಲ್ಲ ಎಂದು.

ರ‍್ಯಾಮ್ ಬಿಗಿ ಮಾಡುವುದು ಕೈ ಸ್ಥಿರವಿರುವ ಯಾರಿಗಾದರೂ ಬರುವ ಕೆಲಸ. ವಾರಂಟಿಯಲ್ಲಿದ್ದರೆ ಮಾತ್ರ ಮುಟ್ಟಬೇಡಿ. ಚಾರ್ಜರ್ ಕಿತ್ತು, ಲ್ಯಾಪ್‌ಟಾಪ್ ಬೋರಲು ಹಾಕಿ, ತಳದ ಸ್ಕ್ರೂಗಳನ್ನು ಬಿಚ್ಚಿ. ಅವುಗಳಲ್ಲಿ ಉದ್ದ, ಗಿಡ್ಡ ಇರುತ್ತವೆ. ಯಾವುದು ಎಲ್ಲಿಂದ ಬಂತೆಂದು ಕಾಗದದ ಮೇಲೆ ಚೌಕ ಬರೆದು ಅಲ್ಲಲ್ಲೇ ಇಡಿ. ಮುಚ್ಚಳ ಎದ್ದಮೇಲೆ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಕಿಟಕಿಯ ಕಬ್ಬಿಣದ ಸರಳು ಮುಟ್ಟಿ ಕೈಯಲ್ಲಿನ ಸ್ಥಿರವಿದ್ಯುತ್ ಕಳೆದುಕೊಳ್ಳಿ. ರ‍್ಯಾಮ್ ಹಸಿರು ಅಥವಾ ಕಪ್ಪು ಪಟ್ಟಿ, ಎರಡು ಬದಿಗೂ ಪುಟ್ಟ ಲೋಹದ ಕೊಕ್ಕೆ. ಕೊಕ್ಕೆಗಳನ್ನು ಹೆಬ್ಬೆರಳಿನಿಂದ ಹೊರಕ್ಕೆ ಸರಿಸಿದರೆ ಪಟ್ಟಿ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಅಂಚಿನ ಚಿನ್ನದ ಬಣ್ಣದ ಗೆರೆಗಳು ಮಂಕಾಗಿದ್ದರೆ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರಾಗಿ ಉಜ್ಜಿ, ಪುಡಿಯನ್ನು ಬ್ರಶ್ಶಿನಿಂದ ಝಾಡಿಸಿ. ಪಟ್ಟಿಯಲ್ಲೊಂದು ಕಚ್ಚು ಇದೆ, ಗೂಡಿನಲ್ಲಿ ಅದಕ್ಕೆ ಹೊಂದುವ ಗುಬುಟು ಇದೆ. ಅವೆರಡೂ ಸೇರುವಂತೆ ಓರೆಯಾಗಿ ತಳ್ಳಿ, ಕೆಳಕ್ಕೆ ಒತ್ತಿದರೆ ಕೊಕ್ಕೆಗಳು ಟಕ್ಕೆಂದು ಹಿಡಿಯುತ್ತವೆ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಯಾವುದು ಸತ್ತಿದೆಯೆಂದು ಅಲ್ಲೇ ತಿಳಿಯುತ್ತದೆ. ತೆಳ್ಳನೆಯ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಅಲ್ಲಿ ಈ ದಾರಿ ಇಲ್ಲ.

ಚಾಲೂ ಆಗಿ ಐದು ಹತ್ತು ನಿಮಿಷಕ್ಕೆ ತಟ್ಟನೆ ಆರುವ ಲ್ಯಾಪ್‌ಟಾಪಿನ ಕಥೆ ಬೇರೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಉಗಾರ ಖುರ್ದದಂಥ ಕಾರ್ಖಾನೆ ಊರುಗಳಲ್ಲಿ ಅಂಗಳಕ್ಕೆ, ಒಣಹಾಕಿದ ಬಟ್ಟೆಗೆ ಬೀಳುವ ಕಪ್ಪು ಬೂದಿ ಫ್ಯಾನಿನ ಜಾಲರಿಗೂ ಹೋಗುತ್ತದೆ. ನಿಪ್ಪಾಣಿಯ ತಂಬಾಕಿನ ಗೋದಾಮುಗಳಲ್ಲಿ ಲೆಕ್ಕ ಬರೆಯುವ ಯಂತ್ರಕ್ಕೆ ತಂಬಾಕಿನ ಧೂಳು. ಬಿಸಿ ಹೊರಹೋಗಲು ದಾರಿಯಿಲ್ಲದೆ ಪ್ರೊಸೆಸರ್ ನೂರು ಡಿಗ್ರಿಯ ಸಮೀಪ ಬಂದಾಗ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ಆರುತ್ತದೆ. ಮುಚ್ಚಳ ಬಿಚ್ಚಿ, ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ತಡೆದು, ಮೆತ್ತನೆಯ ಬ್ರಶ್ಶು ಮತ್ತು ಕೈ ಬ್ಲೋವರಿನಿಂದ ಜಾಲರಿ ಸ್ವಚ್ಛ ಮಾಡಿಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಖಂಡಿತ ಬೇಡ, ಅದರಲ್ಲಿ ನೀರಿನ ಹನಿಯೂ ಎಣ್ಣೆಯೂ ಬರುತ್ತವೆ. ಎಲ್ಲಿ ಬೂದಿ ಬೀಳುತ್ತದೋ ಅಲ್ಲಿ ಹಂಗಾಮು ಮುಗಿದೊಡನೆ ವರ್ಷಕ್ಕೊಮ್ಮೆ ಈ ಕೆಲಸ ಆಗಲೇಬೇಕು.

‘ಫಾರ್ಮ್ಯಾಟ್ ಹೊಡಿಬೇಕ್ರಿ’

ಕಂಪನಿಯ ಲೋಗೊ ಬಂದು ಅಲ್ಲಿಯೇ ನಿಂತರೆ, ಚಕ್ರ ತಿರುಗುತ್ತಲೇ ಇದ್ದರೆ ಅಥವಾ ನೀಲಿ ಪರದೆ ಬಂದರೆ ಪೇಟೆಯಲ್ಲಿ ಸಿಗುವ ಉತ್ತರ ಒಂದೇ: ‘ಫಾರ್ಮ್ಯಾಟ್ ಹೊಡಿಬೇಕ್ರಿ.’ ಅವಸರದಲ್ಲಿ ಒಪ್ಪಿಬಿಟ್ಟರೆ ಮಕ್ಕಳ ಫೋಟೊ, ಪ್ರಾಜೆಕ್ಟು, ಸಂಘದ ಲೆಕ್ಕ ಎಲ್ಲವೂ ಹೋಗುತ್ತವೆ. ಫಾರ್ಮ್ಯಾಟ್ ಕೊನೆಯ ಮದ್ದು. ಅದಕ್ಕೂ ಮೊದಲು ಮಾಡುವುದು ಸಾಕಷ್ಟಿದೆ.

2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಲೇ ನೀಲಿ ಪರದೆಗೆ ಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಯಂತ್ರಗಳು ಕೆಟ್ಟಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಸುರಕ್ಷತಾ ತಂತ್ರಾಂಶದ ಒಂದು ದೋಷಪೂರಿತ ಫೈಲು ಅಪ್‌ಡೇಟ್ ಮೂಲಕ ಒಳಬಂದಿತ್ತು. ಸೇಫ್ ಮೋಡಿನಲ್ಲಿ ಯಂತ್ರ ತೆರೆದು ಆ ಫೈಲು ಅಳಿಸಿದರೆ ಸಾಕಿತ್ತು. ನಿಮ್ಮ ಲ್ಯಾಪ್‌ಟಾಪಿನ ನೀಲಿ ಪರದೆಗೂ ಹೀಗೆಯೇ ಒಂದು ಅಪ್‌ಡೇಟೋ ಡ್ರೈವರೋ ಕಾರಣವಾಗಿರಬಹುದು.

ಲ್ಯಾಪ್‌ಟಾಪ್ ಚಾಲೂ ಮಾಡಿ, ಲೋಗೊ ಕಂಡೊಡನೆ ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನಾಗಿ ರಿಪೇರಿಯ ಪರದೆ ತೆರೆಯುತ್ತದೆ. ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಮೊದಲು ಸ್ಟಾರ್ಟಪ್ ರಿಪೇರ್, ಆಗದಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್, ಅದೂ ಆಗದಿದ್ದರೆ ಸಿಸ್ಟಮ್ ರಿಸ್ಟೋರ್. ಈ ಮೂರೂ ನಿಮ್ಮ ಸ್ವಂತ ಫೈಲುಗಳನ್ನು ಅಳಿಸುವುದಿಲ್ಲ. ರಿಸೆಟ್ ದಿಸ್ ಪಿಸಿ ಎಂಬುದರಲ್ಲಿ ಮಾತ್ರ ಎಚ್ಚರ. ಎಲ್ಲವನ್ನೂ ಅಳಿಸುವ ಆಯ್ಕೆ ಅದರಲ್ಲೇ ಇದೆ.

ಈ ದಾರಿಯಲ್ಲಿ ಒಮ್ಮೊಮ್ಮೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ ಕೀ ಕೇಳುತ್ತದೆ, 48 ಅಂಕಿಗಳದ್ದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಕೊಂಡವರಿಗೆ ಗೊತ್ತಿಲ್ಲದಂತೆಯೇ ಚಾಲೂ ಆಗಿರುತ್ತದೆ. ಹೆದರಬೇಡಿ. ಲ್ಯಾಪ್‌ಟಾಪ್ ಮೊದಲ ಸಲ ತೆರೆದಾಗ ಯಾವ ಮೈಕ್ರೋಸಾಫ್ಟ್ ಖಾತೆ ಹಾಕಿದ್ದಿರೋ ಅದನ್ನು ಮೊಬೈಲಿನಲ್ಲಿ ತೆರೆದರೆ ಡಿವೈಸಸ್ ವಿಭಾಗದಲ್ಲಿ ಕೀ ಸಿಗುತ್ತದೆ. ಗೋಳು ಎಲ್ಲಿ ಎಂದರೆ, ಆ ಖಾತೆಯನ್ನು ಅಂಗಡಿಯವರೇ ತಮ್ಮ ಇಮೇಲಿನಿಂದ ಮಾಡಿಕೊಟ್ಟಿರುತ್ತಾರೆ. ಲ್ಯಾಪ್‌ಟಾಪ್ ಕೊಳ್ಳುವ ದಿನ ನಿಮ್ಮದೇ ಇಮೇಲ್, ನಿಮ್ಮದೇ ಪಾಸ್‌ವರ್ಡ್ ಎಂದು ಹಟ ಹಿಡಿಯಿರಿ. ಈಗ ಚೆನ್ನಾಗಿ ನಡೆಯುತ್ತಿರುವ ಲ್ಯಾಪ್‌ಟಾಪಿನ ಕೀಯನ್ನೂ ಇಂದೇ ಹುಡುಕಿ ವಹಿಯಲ್ಲಿ ಬರೆದಿಡಿ.

ಬೂಟ್ ಡಿವೈಸ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಚಾಲೂ ಮಾಡುತ್ತಲೇ ಸಾಮಾನ್ಯವಾಗಿ ಎಫ್2, ಎಚ್‌ಪಿಯಾದರೆ ಎಫ್10 ಒತ್ತುತ್ತಾ ಯಂತ್ರದ ಮೂಲ ಸೆಟ್ಟಿಂಗ್ಸ್ ಇರುವ ಬಯೋಸ್ ಪ್ರವೇಶಿಸಿ. ಅಲ್ಲಿ ಡಿಸ್ಕಿನ ಹೆಸರು ಕಂಡರೆ ತೊಂದರೆ ಹೆಚ್ಚಾಗಿ ವಿಂಡೋಸಿನದು. ಹೆಸರೇ ಇಲ್ಲದಿದ್ದರೆ ಡಿಸ್ಕು ಸಡಿಲಾಗಿದೆ ಅಥವಾ ಹೋಗಿದೆ. ಹಳೆಯ ಹಾರ್ಡ್ ಡಿಸ್ಕ್ ಕಟ್ ಕಟ್ ಎಂದು ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಚಾಲೂ ಮಾಡಿ ನೋಡಬೇಡಿ, ಒಂದೊಂದು ಸಲಕ್ಕೂ ಒಳಗಿನ ತಟ್ಟೆ ಗೀರಿಕೊಳ್ಳಬಹುದು. ಡಿಸ್ಕು ಚೆನ್ನಾಗಿದ್ದು ಬೋರ್ಡೇ ಸತ್ತಿದ್ದರೆ ಡಿಸ್ಕನ್ನು ಬಿಚ್ಚಿ, ಕೆಲವೇ ನೂರು ರೂಪಾಯಿಯ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಫೈಲುಗಳು ಸಿಗುತ್ತವೆ. ಬಿಟ್‌ಲಾಕರ್ ಇದ್ದರೆ ಇಲ್ಲಿಯೂ ಅದೇ ಕೀ ಬೇಕು. ರಿಪೇರಿಗೆ ಕೊಡುವಾಗ ಈ ಮಾತನ್ನು ಚೀಟಿಯಲ್ಲಿ ಬರೆಸಿ ಸಹಿ ಮಾಡಿಸಿ: ಫೈಲು ತೆಗೆದುಕೊಟ್ಟ ಮೇಲಷ್ಟೇ ಫಾರ್ಮ್ಯಾಟ್.

ಹೊಳೆ ನೀರು ಹೊಕ್ಕರೆ

2005, 2019, 2021ರ ಮಹಾಪೂರ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಯಡೂರು, ಇಂಗಳಿ, ಜುಗೂಳ, ಕುಡಚಿ, ಸಪ್ತಸಾಗರ, ದೂಧಗಂಗೆಯ ದಂಡೆಯ ಸದಲಗಾ ಇಲ್ಲೆಲ್ಲ ಜನ ದನಕರು, ಹಾಸಿಗೆ, ಕಾಳಿನ ಚೀಲ ಸಾಗಿಸಿದ ಮೇಲೆ ಕಪಾಟಿನಲ್ಲಿ ಉಳಿದದ್ದು ನೆನಪಾಗುತ್ತದೆ. ನೀರಲ್ಲಿ ನೆನೆದ ಲ್ಯಾಪ್‌ಟಾಪ್ ಸಿಕ್ಕರೆ ಪವರ್ ಬಟನ್ ಒತ್ತಲೇಬೇಡಿ. ನೀರು ತಾನಾಗಿ ಕೊಲ್ಲುವುದಕ್ಕಿಂತ ಒದ್ದೆ ಬೋರ್ಡಿನಲ್ಲಿ ಹರಿಯುವ ಕರೆಂಟು ಬೇಗ ಕೊಲ್ಲುತ್ತದೆ. ಬ್ಯಾಟರಿ ಬಿಚ್ಚಲು ಬಂದರೆ ಬಿಚ್ಚಿ, ಬೋರಲು ಹಾಕಿ ನೀರು ಬಸಿಯಲು ಬಿಡಿ. ಅಕ್ಕಿಯಲ್ಲಿ ಹೂತಿಡುವುದರಿಂದ ಉಪಯೋಗವಿಲ್ಲ. ಹೊಳೆಯ ನೀರಿನಲ್ಲಿ ರಾಡಿ ಇರುತ್ತದೆ. ನೀರು ಆರಿದರೂ ಅದು ಬೋರ್ಡಿನ ಮೇಲೆ ಉಳಿದು ತಾಮ್ರವನ್ನು ತಿನ್ನುತ್ತದೆ. ಒಣಗಿಸುವುದಕ್ಕಿಂತ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಸುವುದು ಮುಖ್ಯ, ಅದೂ ಒಂದೆರಡು ದಿನದೊಳಗೆ. ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿಯನ್ನು ಬೇರೆಯಾಗಿ ಬಿಚ್ಚಿ ತೊಳೆದು ಒಣಗಿಸಿದರೆ ಫೈಲುಗಳು ಉಳಿಯುವ ಸಾಧ್ಯತೆ ಚೆನ್ನಾಗಿದೆ. ಮುಳುಗಿದ ಹಾರ್ಡ್ ಡಿಸ್ಕನ್ನು ಮಾತ್ರ ಒಣಗಿಸಿ ಚಾಲೂ ಮಾಡುವ ಸಾಹಸ ಬೇಡ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೇಟಾ ರಿಕವರಿ ಮಾಡುವವರಿಗೇ ಒಪ್ಪಿಸಿ. ಜುಲೈ ಬರುವ ಮೊದಲೇ ಮುಖ್ಯ ಕಾಗದಪತ್ರಗಳ ಒಂದು ಪ್ರತಿಯನ್ನು ಗೂಗಲ್ ಡ್ರೈವಿಗೋ, ಎತ್ತರದ ಊರಿನ ನೆಂಟರ ಮನೆಯ ಪೆನ್‌ಡ್ರೈವಿಗೋ ಹಾಕಿಡಿ.

ಅಂಗಡಿಗೆ ಹೋಗುವುದೇ ಆದರೆ

ಹೊರಡುವ ಮುನ್ನ ಲ್ಯಾಪ್‌ಟಾಪಿನ ತಳದ ಸೀರಿಯಲ್ ನಂಬರಿನ ಫೋಟೊ ತೆಗೆದು ಕಂಪನಿಯ ವೆಬ್‌ಸೈಟಿನಲ್ಲಿ ವಾರಂಟಿ ಎಲ್ಲಿಯವರೆಗಿದೆ ನೋಡಿ. ಆನ್‌ಸೈಟ್ ವಾರಂಟಿ ಎಂದಿದ್ದರೆ ಎಂಜಿನಿಯರ್ ನಿಮ್ಮ ಮನೆಗೇ ಬರಬೇಕು. ನಿಮ್ಮ ಪಿನ್‌ಕೋಡ್ ಹೇಳಿ ಕೇಳಿ. ಪರದೆಯ ಮೇಲೆ ಬಂದ ಇಂಗ್ಲಿಷ್ ಸಂದೇಶದ ಫೋಟೊ, ಬೀಪ್‌ನ ವಿಡಿಯೊ ಇರಲಿ. ಚಾರ್ಜರ್ ಒಯ್ಯುವುದನ್ನು ಮರೆಯಬೇಡಿ. ಬಿಟ್ಟು ಬರುವಾಗ ರ‍್ಯಾಮ್ ಎಷ್ಟು ಜಿಬಿ, ಎಸ್‌ಎಸ್‌ಡಿ ಎಷ್ಟು ಜಿಬಿ ಎಂದು ರಸೀದಿಯಲ್ಲಿ ಬರೆಸಿ. ಬದಲಿಸಿದ ಹಳೆಯ ಬಿಡಿಭಾಗವನ್ನು ಮರಳಿ ಕೇಳಿ ಪಡೆಯಿರಿ.

ಗಡಿಭಾಗದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ಕೊಲ್ಹಾಪುರದಲ್ಲೋ ಸಾಂಗಲಿಯಲ್ಲೋ ಕೊಂಡದ್ದಕ್ಕೆ ವಾರಂಟಿ ಕೊಡಲು ಒಪ್ಪದಿದ್ದರೆ, ದೂರು ಕೊಡಲು ಮಹಾರಾಷ್ಟ್ರಕ್ಕೇ ಅಲೆಯಬೇಕೇ? ಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು. ನಮಗದು ಬೆಳಗಾವಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಆನ್‌ಲೈನಿನಲ್ಲೂ ಸಲ್ಲಿಸಬಹುದು. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಫೋನ್ ಮಾಡಿ, ಕೆಲವು ತಕರಾರು ಅಲ್ಲಿಯೇ ಬಗೆಹರಿಯುತ್ತವೆ. ಇದಕ್ಕೆಲ್ಲ ಜಿಎಸ್‌ಟಿ ಬಿಲ್ ಬೇಕೇ ಬೇಕು. ‘ಬಿಲ್ ಇಲ್ಲದೆ ಕೊಟ್ಟರೆ ಸಾವಿರ ಕಡಿಮೆ’ ಎಂದು ಅಂಗಡಿಯವರು ಹೇಳಿದರೆ ಆ ಸಾವಿರ ಕೊಟ್ಟೇ ಬಿಲ್ ಪಡೆಯಿರಿ. ಪಡೆದ ಬಿಲ್ಲಿನ ಫೋಟೊವನ್ನು ಆ ಲ್ಯಾಪ್‌ಟಾಪಿನಲ್ಲಿ ಇಡಬೇಡಿ, ಫೋನಿನಲ್ಲಿಡಿ.